ಹೊಗೆ ಇರಲಿಲ್ಲ

ಅಗರಖೇಡದ ಮಾಳಿಂಗಪ್ಪನ ಮಗ ಕಾಂತು ಇಂಡಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ. ಗೇಟು, ಕಿಟಕಿ ಸರಳು, ಟ್ರ್ಯಾಲಿ ರಿಪೇರಿ, ಇಂಥವೇ ಕೆಲಸ. ಆದರೆ ಅವನ ತಲೆ ಸುಮ್ಮನಿರುವ ಪೈಕಿಯದಲ್ಲ. ದೀಪಾವಳಿ ಹೊತ್ತಿಗೆ ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ ಹೊಸ ನಮೂನೆಯ ಒಲೆಯೊಂದನ್ನು ಮಾಡಿದ. ಒಂದರೊಳಗೊಂದು ಎರಡು ತಗಡಿನ ಡಬ್ಬಿ, ಬುಡದಲ್ಲಿ ಬ್ಯಾಟರಿಯಿಂದ ತಿರುಗುವ ಸಣ್ಣ ಫ್ಯಾನು. ಜಾಲಿಕಟ್ಟಿಗೆಯ ಚೂರು ತುಂಬಿ ಮೇಲಿನಿಂದ ಬೆಂಕಿ ಹಚ್ಚಿದರೆ, ಕಟ್ಟಿಗೆ ಕಾದು ಬಿಡುವ ಗ್ಯಾಸೇ ಹೊತ್ತಿಕೊಂಡು ಭುಸ್ಸೆಂದು ಉರಿಯುತ್ತಿತ್ತು. ಹೊಗೆಯೆಂಬುದು ಹೆಸರಿಗೂ ಇಲ್ಲ. ಉರಿ ಇಳಿದ ಮೇಲೆ ಡಬ್ಬಿಯ ತುಂಬ ಇದ್ದಿಲು ಕೆಂಡವಾಗಿ ಉಳಿದು ಬಹಳ ಹೊತ್ತು ಕಾವು ಕೊಡುತ್ತಿತ್ತು. ಜನ ಅದಕ್ಕೆ ‘ಕಟಗಿ ಗ್ಯಾಸಿನ ಒಲಿ’ ಎಂದು ಹೆಸರಿಟ್ಟರು. ಸಿಂದಗಿಯ ಚಹಾದಂಗಡಿಯವನೊಬ್ಬ ಒಂದು ಒಯ್ದ. ಬಸವನ ಬಾಗೇವಾಡಿಯ ಖಾನಾವಳಿಯವರು ಇನ್ನೊಂದು ಒಯ್ದರು.

ಆ ಚಳಿಗಾಲದಲ್ಲೇ ತಂಗಿ ರೇಣುಕಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅವಳನ್ನು ದೇವರ ಹಿಪ್ಪರಗಿಯ ಸಿದ್ಧರಾಮನಿಗೆ ಕೊಟ್ಟಿತ್ತು. ಹೆಣ್ಣುಕೂಸು ಹುಟ್ಟಿತು. ತಲೆತುಂಬ ಕೂದಲು, ಮುಷ್ಟಿ ಬಿಚ್ಚಿದರೆ ಉದ್ದುದ್ದ ಬೆರಳು. ಹಳೆಯ ಮಣ್ಣಿನ ಮನೆಯ ಪಕ್ಕದಲ್ಲಿ ಹಿಂದಿನ ವರ್ಷ ಕಟ್ಟಿಸಿದ್ದ ಸ್ಲ್ಯಾಬಿನ ಕೋಣೆಯಲ್ಲಿ ತಾಯಿ ರೇವವ್ವ ಬಾಣಂತಿಯ ಹೊರಸು ಹಾಕಿದಳು. ಹಳೆಯ ಮನೆಗೆ ಮಾಳಿಗೆಯಲ್ಲೊಂದು ಬೆಳಕಿಂಡಿ ಇತ್ತು, ಇದಕ್ಕೆ ಅದೂ ಇಲ್ಲ. ಸರಿಸುವ ಗಾಜಿನ ಕಿಟಕಿ, ಬಿಗಿಯಾದ ಬಾಗಿಲು, ಗಾಳಿಗೆ ಸಂದಿಯೇ ಇಲ್ಲ.

ಪದ್ಧತಿಯಂತೆ ದಿನಾ ತಾಯಿಗೂ ಕೂಸಿಗೂ ನೀರೆರೆದ ಮೇಲೆ ರೇವವ್ವ ಹೊರಸಿನ ಕೆಳಗೆ ಕಬ್ಬಿಣದ ಬುಟ್ಟಿಯಲ್ಲಿ ಸಗಣಿ ಕುಳ್ಳಿನ ಕೆಂಡ ಇಡುತ್ತಿದ್ದಳು. ಹೊಗೆ ತುಂಬಿ ಕೂಸು ಕೆಮ್ಮುತ್ತಿತ್ತು. ಹೊಗೆ ಹೋಗಲೆಂದು ಬಾಗಿಲು ತೆಗೆದರೆ ಭೀಮಾ ಹೊಳೆಯ ಕಡೆಯಿಂದ ಬೀಸುವ ಗಾಳಿ ನೆಟ್ಟಗೆ ಒಳಗೇ ಬರುತ್ತಿತ್ತು.

“ಯಣ್ಣಾ, ಊರ ಮಂದಿಗೆಲ್ಲ ಒಲಿ ಮಾಡಿ ಕೊಟ್ಟಿ. ನನಗ ಒಂದು ತರಬಾರದೇನೋ?” ಎಂದು ರೇಣುಕಾ ಕಣ್ಣೊರೆಸಿಕೊಳ್ಳುತ್ತ ನಕ್ಕಳು.

ಕಾಂತು ಮರುದಿನವೇ ಹೊರಸಿನ ಕೆಳಗೆ ಹಿಡಿಯುವಂತೆ ಗಿಡ್ಡ ಕಾಲಿನ ಒಲೆ ಮಾಡಿ ತಂದ. ಅಂಗಳದಲ್ಲಿ ಹಚ್ಚಿ ತೋರಿಸಿದ. ಓಣಿಯ ಹೆಂಗಸರೆಲ್ಲ ನೆರೆದರು. ಎಷ್ಟೋ ಹೆರಿಗೆ ಮಾಡಿಸಿದ್ದ ಮರೆವ್ವ ಮೂಗಿನ ಮೇಲೆ ಬೆರಳಿಟ್ಟು, “ಎಲಾ ಇವನ! ಹೊಗಿ ಎತ್ತ ಹೋತೋ?” ಎಂದಳು. ಕಾಂತುವಿನ ಎದೆ ಹಿಗ್ಗಿತು. “ಇನ್ನ ಬಾಗಲಾ ತೆಗಿಯೂ ಜರೂರ ಇಲ್ಲ, ಯವ್ವಾ. ಬೆಚ್ಚಗ ಮುಚ್ಚಿ ಮಲಗಸು” ಎಂದ. ಅದೇ ವಾರ ನಿಂಬೆ ವ್ಯಾಪಾರಕ್ಕೆ ಇಂಡಿಗೆ ಬಂದಿದ್ದ ಮುದ್ದೇಬಿಹಾಳದ ಖಂಡೆಪ್ಪ ಅಂಥದೇ ಒಂದನ್ನು ಮಾಡಿಸಿಕೊಂಡು ಹೋದ. ಅವನ ಸೊಸೆ ಜಯಮಾಲಾಗೆ ದಿನ ತುಂಬುತ್ತ ಬಂದಿದ್ದವು.

ಮೊದಲ ಕೆಲವು ದಿನ ರೇವವ್ವ ಹೋಗಿಬಂದು ಮಾಡುತ್ತ ಬಾಗಿಲು ತೆಗೆಯುತ್ತ ಮುಚ್ಚುತ್ತ ಇದ್ದಳು, ಏನೂ ಆಗಲಿಲ್ಲ. ಆ ದಿನ ಚಳಿ ಜಾಸ್ತಿ ಇತ್ತು. ತಾಯಿ ಮಗಳಿಗೆ ಎರೆದು, ಲೋಬಾನ ಹಾಕಿ, ಕೌದಿ ಹೊದಿಸಿ, ಕೆಂಡವಾದ ಒಲೆಯನ್ನು ಹೊರಸಿನ ಕೆಳಗೆ ಸರಿಸಿ, ಬಾಗಿಲನ್ನು ಗಟ್ಟಿಯಾಗಿ ಎಳೆದುಕೊಂಡು ಬಟ್ಟೆ ಒಗೆಯಲು ಹೋದಳು. ತಿರುಗಿ ಬಂದಾಗ ರೇಣುಕಾ ನೆಲಕ್ಕೆ ಬಿದ್ದಿದ್ದಳು. ಬಾಯಿಯಿಂದ ವಾಂತಿ ಇಳಿದಿತ್ತು, ಕರೆದರೆ ಕಣ್ಣು ತೆರೆಯಳು. ಕೂಸು ಮಾತ್ರ ಹೊರಸಿನ ಮೇಲೆ ಗಲ್ಲ, ತುಟಿ ಎಲ್ಲ ಕೆಂಪಗಾಗಿ, ಹಾಲು ಕುಡಿದು ಮಲಗಿದಂತೆ ಮಲಗಿತ್ತು. ಇಷ್ಟು ಚೆಂದ ಅದು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅದಕ್ಕೇ ರೇವವ್ವ ಮೊದಲು ಮಗಳನ್ನು ಎತ್ತಿದಳು. ಕೂಸಿನ ಮೈ ಮುಟ್ಟಿ ನೋಡಿದ್ದು ಆಮೇಲೆ.

ಇಂಡಿಯ ದವಾಖಾನೆಗೆ ಕಾಂತು ಅಂಗಡಿಯಿಂದಲೇ ಓಡಿಬಂದ. ರೇಣುಕಾಗೆ ಆಕ್ಸಿಜನ್ ಹಚ್ಚಿದ್ದರು. ಡಾಕ್ಟರು ರೇವವ್ವನನ್ನೂ ಅವನನ್ನೂ ಹೊರಗೆ ಕರೆದರು.

“ಖೋಲಿಯೊಳಗ ಬೆಂಕಿ ಇಟ್ಟಿದ್ರೇನು? ಬಾಗಲಾ ಮುಚ್ಚಿತ್ತೇನು?”

“ಹೊಗಿ ಇರಲಿಲ್ರಿ ಸಾಹೇಬ್ರ” ಎಂದು ರೇವವ್ವ ಕೈಮುಗಿದಳು. “ದೇವರಾಣಿ, ಒಂದೀಟೂ ಹೊಗಿ ಇರಲಿಲ್ಲ.”

“ಹೊಗಿ ಇದ್ದಿದ್ರ ಕೆಮ್ಮು ಬರ್ತಿತ್ತು, ಬಾಗಲಾ ತೆಗೀತಿದ್ರಿ, ಉಳೀತಿದ್ರು. ಕೆಂಡದಿಂದ ಏಳೂ ಆ ವಿಷದ ಗ್ಯಾಸಿಗೆ ಬಣ್ಣಿಲ್ಲ, ವಾಸನಿಲ್ಲ. ಮುಚ್ಚಿದ ಖೋಲಿಯೊಳಗ ಅದು ಸುಮ್ಮನ ಜೀವಾ ತಗೋತೈತಿ.”

ಬಾಗಿಲು ಮುಚ್ಚೆಂದು ಹೇಳಿದ ಬಾಯಿ ಕಾಂತುವಿನದೇ ಆಗಿತ್ತು.

ಕೂಸನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಹೆಸರಿಟ್ಟಿರಲಿಲ್ಲ, ಹೀಗಾಗಿ ಅಳುವವರಿಗೆ ಹೆಸರು ಹಿಡಿದು ಅಳುವುದಕ್ಕೂ ಆಗಲಿಲ್ಲ. ರೇಣುಕಾ ಚೇತರಿಸಿಕೊಂಡು ಮನೆಗೆ ಬಂದಿದ್ದಳು; ಡಾಕ್ಟರು ಹೇಳಿದ್ದು ಅವಳಿಗಾಗಲಿ ಬೀಗರಿಗಾಗಲಿ ತಿಳಿದಿರಲಿಲ್ಲ, ಕೂಸನ್ನು ಕಂಡ ಆಘಾತಕ್ಕೆ ಅವಳಿಗೆ ಎಚ್ಚರ ತಪ್ಪಿತೆಂದುಕೊಂಡಿದ್ದರು. ದೇವರ ಹಿಪ್ಪರಗಿಯಿಂದ ಬಂದ ಬೀಗತಿ, ಸಿದ್ಧರಾಮನ ತಾಯಿ ರುಕ್ಮವ್ವ ರೇಣುಕಾಳ ಮುಂದೆಯೇ ಅಂದಳು: “ಮಗ್ಗಲಾಗ ಹಾಕ್ಕೊಂಡು ಮೈಮರೆತು ಮಲಗ್ಯಾಳ. ಮೈಮ್ಯಾಲೆ ಹೊರಳ್ಯಾಳ. ಉಸರ ಕಟ್ಟೇತಿ.” ಸಿದ್ಧರಾಮ ತಲೆ ತಗ್ಗಿಸಿ ಕೂತಿದ್ದ. ಕಾಂತು ಬಾಯಿ ತೆರೆಯುವಷ್ಟರಲ್ಲಿ ರೇವವ್ವ ಅವನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದೊಯ್ದಳು.

“ಕೂಸಂತೂ ಹೋತು. ಈಗ ನೀ ಹೇಳಿದ್ರ ನಿನ್ನ ಜೇಲಿಗೆ ಹಾಕ್ತಾರ. ಇಬ್ಬರನ್ನೂ ಕಳಕೊಳ್ಳಾಕ ನನ್ನ ಕಡೆ ಆಗೂದಿಲ್ಲೋ ಕಾಂತ್ಯಾ.”

ಅವನು ತಿರುಗಿ ಬೀಗರ ಮುಂದೆ ಹೋಗಲಿಲ್ಲ. ಒಲೆಯನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ ಗುಜರಿಗೆ ಹಾಕಿದ. ಅದರಿಂದೇನೂ ಹಗುರಾಗಲಿಲ್ಲ.

ಸಿದ್ಧರಾಮ, ರುಕ್ಮವ್ವ ಊರಿಗೆ ಹೋದರು. ಹೆಂಡತಿಯನ್ನು ಯಾವಾಗ ಕರೆದೊಯ್ಯುತ್ತೇನೆಂದು ಅವನು ಹೇಳಲಿಲ್ಲ. ಇತ್ತ ರೇಣುಕಾ ಹೊರಸಿನ ಮೇಲೆ ಮಲಗುವುದನ್ನೇ ಬಿಟ್ಟಳು. ಕುಪ್ಪಸ ಹಾಲಿನಿಂದ ತೊಯ್ದು ಹೋಗುತ್ತಿತ್ತು, ಅವಳಿಗೆ ಎಚ್ಚರವಿರಲಿಲ್ಲ. ಒಂದು ಮಧ್ಯಾಹ್ನ ಕಾಂತು ಊಟಕ್ಕೆ ಬಂದಾಗ ಅವಳು ನೆಲದ ಮೇಲೆ ಕೌದಿಯ ಸುರುಳಿಯೊಂದನ್ನು ಮಗ್ಗುಲಲ್ಲಿಟ್ಟುಕೊಂಡು, ಅತ್ತ ಹೊರಳಿ ಇತ್ತ ಹೊರಳಿ ನೋಡುತ್ತಿದ್ದಳು.

“ಈ ಕಡೆ ಹೊರಳಿದ್ರ ಇದು ಸಿಗತೈತಿ ನೋಡು” ಎಂದಳು. “ನನಗ ನೆನಪ ಆಗವಲ್ದು, ಯಣ್ಣಾ. ನಾ ಹೊರಳಿರಬೇಕು.”

ಕಾಂತು ತಟ್ಟೆಯಲ್ಲಿದ್ದ ರೊಟ್ಟಿ ಮುರಿಯದೆ ಎದ್ದು ಹೋದ. ಆಗಲೂ ಹೇಳಲಿಲ್ಲ.

ಎರಡು ದಿನ ಬಿಟ್ಟು ಖಂಡೆಪ್ಪನ ಫೋನು ಬಂತು. ದನಿಯಲ್ಲಿ ಖುಷಿ ಇತ್ತು. “ಗಂಡು ಮಮ್ಮಗಾ ಹುಟ್ಯಾನೋ ಮಾರಾಯ! ನಿನ್ನೆ ಮನಿಗೆ ತಂದೇವಿ. ನಾಳೆ ಬಾಣಂತಿಗೆ ಎರದು ನಿನ್ನ ಒಲಿ ಹಚ್ಚಾವರಿದ್ದೇವಿ.”

“ಬ್ಯಾಡ್ರಿ! ಅದನ್ನ ಒಳಗ ಇಡಬ್ಯಾಡ್ರಿ. ಇಟ್ರೂ ಬಾಗಲಾ ತಗದಿರ್ರಿ.”

“ಬಾಗಲಾ ಯಾಕ ತೆಗೀಬೇಕು? ಹೊಗಿನ ಇಲ್ಲಂತ ನೀನ ಹೇಳಿದ್ಯಲ್ಲ!” ಎಂದು ನಕ್ಕು ಅವನು ಫೋನಿಟ್ಟ. ತಿರುಗಿ ಫೋನು ಹಚ್ಚಿದರೆ ಎತ್ತಲಿಲ್ಲ.

ಬೆಳಗಾಗುವ ಮೊದಲೇ ಕಾಂತು ಮೋಟರ್‌ಸೈಕಲ್ ಹತ್ತಿದ. ದೇವರ ಹಿಪ್ಪರಗಿ ದಾಟುವಾಗ ತಂಗಿಯ ಮನೆಯ ಓಣಿಯ ಕಡೆ ನೋಡದೆ ಗಾಡಿ ಓಡಿಸಿದ. ಬಸವನ ಬಾಗೇವಾಡಿ ಹೋಯಿತು. ಮುದ್ದೇಬಿಹಾಳ ಮುಟ್ಟಿದಾಗ ಖಂಡೆಪ್ಪನ ಅಂಗಳದಲ್ಲಿ ಒಲೆ ಉರಿದು ಇಳಿಯುತ್ತಿತ್ತು. ಬಚ್ಚಲಿನಲ್ಲಿ ಕೂಸಿನ ಅಳು ಕೇಳುತ್ತಿತ್ತು.

“ಒಲಿ ವಾಪಸ್ ಕೊಡ್ರಿ, ಕಾಕಾ. ನಿಮ್ಮ ರೊಕ್ಕಾ ತಂದೇನಿ.”

ಖಂಡೆಪ್ಪ ಅವನನ್ನು ಮೇಲೆ ಕೆಳಗೆ ನೋಡಿದ. “ಯಾರರ ಜಾಸ್ತಿ ಕೊಡ್ತೇನಂದ್ರೇನು? ಕೊಟ್ಟ ಮಾಲು ಕೊಟ್ಟಂಗ. ಹೋಗು, ಚಾ ಕುಡದು ಹೋಗು.”

“ಅದರಾಗ ದೋಷ ಐತ್ರಿ.”

“ಏನ ದೋಷ? ದೀಪಾ ಉರದಂಗ ಉರಿಯಾಕತ್ತೈತಿ.” ಖಂಡೆಪ್ಪ ಒಲೆಯನ್ನು ಎತ್ತಲು ಬಗ್ಗಿದ.

ಕಾಂತು ಅಡ್ಡ ನಿಂತ. ದಾರಿಯುದ್ದಕ್ಕೂ ಬೇರೆ ಬೇರೆ ಸುಳ್ಳು ಹೊಂದಿಸಿಕೊಂಡು ಬಂದಿದ್ದ. ಒಂದೂ ಬಾಯಿಗೆ ಬರಲಿಲ್ಲ.

“ನನ್ನ ತಂಗಿ ಕೂಸು ಸತ್ತೈತ್ರಿ. ಇಂಥಾದ ಒಲಿ, ನಾನ ಮಾಡಿದ್ದು. ನಾನ ಬಾಗಲಾ ಮುಚ್ಚರಿ ಅಂದಿದ್ದೆ.”

ಬಚ್ಚಲ ಬಾಗಿಲಲ್ಲಿ ಒದ್ದೆ ಕೂದಲಿನ ಜಯಮಾಲಾ ಕೂಸನ್ನು ಎದೆಗವಚಿಕೊಂಡು ನಿಂತಿದ್ದಳು. ನೆಟ್ಟಗೆ ಬಂದು ಅಲ್ಲಿದ್ದ ನೀರಿನ ಕೊಡವನ್ನು ಕಾಲಿನಿಂದ ಒಲೆಯ ಮೇಲೆ ಉರುಳಿಸಿದಳು. ಕೆಂಡ ಚುರ್ರೆಂದು ಆರಿತು. ಖಂಡೆಪ್ಪ ಕಾಂತುವಿನ ಕಪಾಳಕ್ಕೆ ಹೊಡೆದ. “ಫೋನಿನಾಗ ಇದನ್ನ ಹೇಳಾಕ ನಿನ್ನ ಬಾಯಾಗ ಏನ ಇತ್ತೋ?” ಎಂದು ಕೂಗಿದ. ಕಾಂತು ಒಲೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಬಿದ್ದ. ಕೆನ್ನೆ ಉರಿಯುತ್ತಿತ್ತು. ಆ ಏಟೇ ಎಷ್ಟೋ ದಿನದ ಮೇಲೆ ಅವನಿಗೆ ಸಿಕ್ಕ ಸರಿಯಾದ ಮಾತು ಅನ್ನಿಸಿತು.

ತಿರುಗಿ ಬರುವಾಗ ದೇವರ ಹಿಪ್ಪರಗಿಯಲ್ಲಿ ಗಾಡಿ ನಿಲ್ಲಿಸಿದ. ಸಿದ್ಧರಾಮನ ಮನೆಯ ಕಟ್ಟೆಯ ಮೇಲೆ ಕೂತು, ನೀರು ಕೂಡ ಕುಡಿಯದೆ, ಡಾಕ್ಟರು ಹೇಳಿದ್ದನ್ನು ಒಂದೂ ಬಿಡದೆ ಹೇಳಿದ. ರುಕ್ಮವ್ವ ನೆಲಕ್ಕೆ ಕೈ ಬಡಿದು ಅವನ ವಂಶಕ್ಕೆಲ್ಲ ಶಾಪ ಹಾಕಿದಳು. ಆಮೇಲೆ ತಾನು ಸೊಸೆಗೆ ಅಂದ ಮಾತು ನೆನಪಾಗಿ ಬಾಯಿಗೆ ಸೆರಗು ಒತ್ತಿಕೊಂಡಳು. ಪೊಲೀಸರಿಗೆ ಹೇಳಬೇಕೆಂದು ಯಾರೋ ಅಂದರು. ಸಿದ್ಧರಾಮ ಬೇಡವೆಂದ. “ಅಕಿ ಇನ್ನೂ ತಾನ ಕೊಂದೇನಿ ಅನಕೊಂಡಾಳೇನು?” ಎಂದಷ್ಟೇ ಕೇಳಿದ. ಕಾಂತು ಹೌದೆಂದ. ಸಿದ್ಧರಾಮ ಚಪ್ಪಲಿ ಮೆಟ್ಟಿಕೊಂಡು ಅವನ ಗಾಡಿಯನ್ನೇ ಹತ್ತಿದ.

ಅಗರಖೇಡ ಮುಟ್ಟಿದಾಗ ರೇಣುಕಾ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗಂಡನನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದಳು. ಕಾಂತು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹೇಳಿದ. ರೇವವ್ವ ಬಾಗಿಲಲ್ಲಿ ನಿಂತು ಬೇಡ, ಬೇಡವೆಂದು ಕೈಯಾಡಿಸುತ್ತಲೇ ಇದ್ದಳು. ರೇಣುಕಾ ಎಲ್ಲವನ್ನೂ ಕೇಳಿದಳು. ಮೊದಲು ಅವಳ ಮುಖ ಸಡಿಲವಾಯಿತು, ಉಸಿರು ದೊಡ್ಡದಾಗಿ ಬಿಟ್ಟಳು. ಆಮೇಲೆ ಅಣ್ಣನನ್ನು ನೋಡಿದಳು.

“ಒಲಿ ಮಾಡಿದಾಗ ನಿನಗ ಗೊತ್ತಿರಲಿಲ್ಲ” ಎಂದಳು. “ದವಾಖಾನಿಯೊಳಗ ಗೊತ್ತಾತು. ನಾ ಕೌದಿ ಸುತ್ತಿ ಹೊರಳಿ ನೋಡಾಕತ್ತಿದ್ದೆ. ನೀ ಎದುರಿಗೇ ಕುಂತಿದ್ದಿ.”

ಅವಳು ತಾಯಿಯ ಕಡೆಗೂ ಒಮ್ಮೆ ನೋಡಿ ಒಳಗೆ ಹೋಗಿ ಬಟ್ಟೆ ಗಂಟು ಕಟ್ಟಿದಳು. ಅಂದೇ ಸಂಜೆಯ ಬಸ್ಸಿಗೆ ಗಂಡನ ಜೊತೆ ಹೊರಟಳು.

ಶ್ರಾವಣದಲ್ಲಿ ನಾಗರ ಪಂಚಮಿಗೆ ತಂಗಿಯನ್ನು ತವರಿಗೆ ಕರೆಯಲು ಕಾಂತು ದೇವರ ಹಿಪ್ಪರಗಿಗೆ ಹೋದ. ರೇಣುಕಾ ಅವನಿಗೆ ಬಿಸಿ ರೊಟ್ಟಿ ಬಡಿದು ಹಾಕಿದಳು, ಪಲ್ಯ ಎರಡು ಸಲ ಬಡಿಸಿದಳು, ಅಪ್ಪನ ಮೊಣಕಾಲು ನೋವು ಹೇಗಿದೆಯೆಂದು ಕೇಳಿದಳು. ಬರುತ್ತೀಯೇನು ಎಂದು ಅವನು ಕೇಳಿದಾಗ, “ಈ ವರ್ಷ ಆಗೂದಿಲ್ಲ” ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮರುವರ್ಷವೂ ಅವನು ಹೋದ. ಆಗಲೂ ಊಟಕ್ಕೆ ಬಡಿಸಿದಳು, ಬರಲಿಲ್ಲ.