ಇಗರ್ಜಿಯ ಬೀಸಣಿಗೆ

ಜಗದೀಶಾ, ನಿನ್ನ ಮೆಸೇಜು ಕಂಡೆ. ಹರಿಹರಾ, ಕೈಗೆ ಎಂತಾತು ಅಂತ ಕೇಳಿದ್ಯಲ್ಲ, ಟೈಪ್ ಮಾಡುವಾ ಅಂದ್ರೆ ಆ ಕೈಯೇ ಕುತ್ತಿಗೆಗೆ ನೇತುಬಿದ್ದದೆ. ಅದ್ಕೇ ಬಾಯಲ್ಲೇ ಹೇಳಿ ಕಳಿಸ್ತಾ ಇದ್ದೇನೆ. ಪೂರ್ತಿ ಕೇಳು. ಅರ್ಧಕ್ಕೆ ಬಿಟ್ಟು ಹೆಬ್ಬೆರಳಿನ ಚಿತ್ರ ಕಳಿಸ್ಬೇಡ.

ಇಲ್ಲಿ ನಮ್ಮೂರು ಕರ್ಕಿಲಿ ಒಬ್ಬ ನಾನು ತೆಂಗಿನಮರದಿಂದ ಬಿದ್ದೆ ಅಂತ ಸುದ್ದಿ ಹಬ್ಬಿಸಿದಾನೆ. ಈ ವಯಸ್ಸಲ್ಲಿ ಯಾವ ಮರ ಹತ್ತಲಿ ನಾನು? ಕೈ ಹೋದದ್ದು ಹೊಳೆ ದಂಡೆಯ ಕ್ರಿಶ್ಚಿಯನ್ನರ ಹಳೇ ಇಗರ್ಜಿಲಿ, ಆ ಬರೋಕ್ ಸಂಗೀತದ ದಿನ. ನೀನೂ ಭಟ್ಕಳದಿಂದ ಬಂದಿದ್ದೆ, ಹಿಂದಿನ ಬೆಂಚಲ್ಲಿ ಕೂತು ಆಟ ನೋಡ್ದೆ. ಯಕ್ಷಗಾನದ ಚೌಕಿ ಇದ್ದ ಹಾಗೆ, ಪರದೆ ಹಿಂದೆ ಎಂತ ನಡೀತು ಅಂತ ನಿಂಗೆ ಗೊತ್ತಿಲ್ಲ.

ಬರೋಕ್ ಅಂದ್ರೆ ಮುನ್ನೂರು ವರ್ಷದ ಹಿಂದೆ ಯುರೋಪಿನ ಇಗರ್ಜಿ, ಅರಮನೆಲೆಲ್ಲ ಹಾಡ್ತಿದ್ದದ್ದು. ಅಲ್ಲಿ ಚಳಿ. ಅದನ್ನ ತಂದು ಹೊನ್ನಾವರದ ಮೇ ತಿಂಗಳಲ್ಲಿ ಇಟ್ಟ ಪುಣ್ಯಾತ್ಮ ಯಾರು ಅಂದ್ರೆ ಸಾಂತಾನ್ ಮಾಸ್ತರ, ನಮ್ಮ ಮೊಮ್ಮಗಳು ಅರ್ಚಿತಾಗೆ ಶಾಲೆಲಿ ಸಂಗೀತ ಕಲಿಸುವವರು. ಬಾರಿಸುವವರು ಗೋವಾ, ಪುಣೆ ಕಡೆಯವರು, ರಜೆಲಿ ಮಾತ್ರ ಸಿಗ್ತಾರಂತೆ. ಈ ಸಲ ಅರ್ಚಿತಾಗೆ ಒಬ್ಬಳೇ ನಿಂತು ಹಾಡುವ ಒಂದು ಹಾಡು ಕೊಟ್ಟಿದ್ರು, ಲ್ಯಾಟಿನ್ನಲ್ಲಿ. ಬಚ್ಚಲಲ್ಲೂ ಅದೇ, ದೋಸೆ ಹೊಯ್ಯುವಾಗಲೂ ಅದೇ. ನಂಗೂ ಬಾಯಿಪಾಠ ಆಗಿಹೋತು. ಅರ್ಥ ಕೇಳ್ಬೇಡ.

ಹಿಂದಿನ ದಿನ ರಿಹರ್ಸಲ್. ಮಾಸ್ತರ ಬಂದವರೇ ಫ್ಯಾನೆಲ್ಲ ಬಂದ್ ಮಾಡಿಸಿದ್ರು. ಉದ್ದ ಸರಳಿಗೆ ನೇತಾಡುವ ಮುದಿ ಫ್ಯಾನುಗಳು, ಕಟಕಟ ಅಂತಾವೆ, ಒಪ್ಪಿದೆ. ಎದುರಿಗಿಟ್ಟ ಕಾಗದ ಹಾರ್ತದೆ, ಅದನ್ನೂ ಒಪ್ಪಿದೆ. ಅದ್ರ ಮೇಲೆ ಅವರ ಪಿಟೀಲಿಗೆ ಕುರಿ ಕರುಳಿನ ತಂತಿಯಂತೆ, ಗಾಳಿ ಬಡಿದ್ರೆ ಶ್ರುತಿ ಜಾರ್ತದಂತೆ. ಕುರಿ ಕರುಳು ಅಂದ ಕೂಡ್ಲೆ ನನ್ನ ಹೆಂಡ್ತಿ ವನಮಾಲಾ ಎದ್ದು ಎರಡು ಬೆಂಚು ಹಿಂದೆ ಹೋಗಿ ಕೂತ್ಲು. ನಾ ಕೇಳ್ದೆ, ಮಾಸ್ತರೇ, ಸತ್ತ ಕುರಿ ಕಾಳಜಿ ಆತು, ಬದುಕಿದ ಮನುಷ್ಯರದ್ದು ಯಾರು ಮಾಡ್ತಾರೆ ಅಂತ. ಅವರಿಗೆ ಸಿಟ್ಟು ಬಂತು. ಬರ್ಲಿ.

ಆ ಹಾಡಿನ ನಡುವೆ ಒಂದೇ ಉಸಿರಲ್ಲಿ ಹಾಡುವ ಒಂದು ಉದ್ದ ಎಳೆತ ಬರ್ತದೆ. ಅಲ್ಲಿ ಅರ್ಚಿತಾ ನಿಂತೇಬಿಟ್ಲು. ಮುಖ ಸುಣ್ಣದ ಹಾಗೆ. ನೀರು ಕುಡಿಸಿ ಮತ್ತೆ ಹಾಡ್ಸಿದ್ರು, ಮತ್ತೆ ಅಲ್ಲೇ ನಿಂತ್ಲು. ಮಾಸ್ತರ ಕೆಟ್ಟವರಲ್ಲ, ನೇರ ಮನುಷ್ಯ. ನಾಳೆ ಮಧ್ಯಾಹ್ನ ಇನ್ನೊಂದು ಸಲ ನೋಡ್ತೇನೆ, ಆಗದೇ ಇದ್ರೆ ಗೋವಾದ ಹುಡುಗಿ ಹಾಡ್ತಾಳೆ ಅಂದ್ರು. ಮನೆಗೆ ಬರುವಾಗ ಟೆಂಪೋಲಿ ಹುಡುಗಿದು ಒಂದೇ ಮಾತು:

"ಅಜ್ಜಾ, ಯಂಗೆ ಹಾಡು ಬತ್ತು. ಉಸುರು ಬತ್ತಿಲ್ಲೆ."

ಆ ಸೆಕೆಲಿ ಉಸಿರು ಹ್ಯಾಗೆ ಬರ್ಬೇಕು? ನಂಗೆ ತಲೆ ಕೆಟ್ಟೋತು. ಟೇಬಲ್ ಫ್ಯಾನೂ ಬೇಡ, ಕೂಲರೂ ಬೇಡ, ಎಲ್ಲಕ್ಕೂ ಸದ್ದು. ಸದ್ದಿಲ್ಲದ ತಂಪು ಎಲ್ಲಿ ಸಿಗ್ತದೆ? ಬಂದರದಲ್ಲಿ. ಮರುದಿನ ನಮ್ಮ ರಿಕ್ಷಾದ ಲೋಕೇಶನ ಹತ್ರ ಮೀನಿಗೆ ಹಾಕುವ ಐಸಿನ ದೊಡ್ಡ ಗಡ್ಡೆ ತರ್ಸಿ, ಗೋಣಿ ಸುತ್ತಿ, ಅವಳು ನಿಲ್ಲುವ ಜಾಗದ ಹಿಂದೆ ಇಟ್ಟೆ. ನಗ್ಬೇಡ. ತಂಪಾತು, ಸುಳ್ಳಲ್ಲ. ಆದ್ರೆ ಆ ಗೋಣಿ ಬಾಂಗಡೆ ಮೀನು ತುಂಬಿದ್ದ ಗೋಣಿ ಮಾರಾಯಾ. ಸ್ವಲ್ಪ ಹೊತ್ತಲ್ಲಿ ಪೇಟೆ ಬೆಕ್ಕೆಲ್ಲ ಇಗರ್ಜಿ ಒಳಗೆ. ಹಾರ್ಪ್ಸಿಕಾರ್ಡ್ ಅಂತ ಒಂದು ಅದೆ, ನಮ್ಮ ಹಾರ್ಮೋನಿಯಮ್ಮಿನ ಮುತ್ತಜ್ಜನ ಹಾಗೆ ಕಾಣ್ತದೆ, ಒಳಗೆ ಪೂರಾ ತಂತಿ. ಒಂದು ಗಡವ ಬೆಕ್ಕು ಅದ್ರ ಮೇಲೇ ಹತ್ತಿ ಕೂತ್ಕಂತು. ಬಾರಿಸುವ ಪುಣೆಯವ ಅಳುವುದೊಂದು ಬಾಕಿ.

ಫಾದರ್ ಬಂದ್ರು. ನೆಲದ ನೀರು ನೋಡಿದ್ರು, ಬೆಕ್ಕು ನೋಡಿದ್ರು, ನನ್ನ ನೋಡಿದ್ರು.

"ಭಟ್ರೇ, ಇದು ಇಗರ್ಜಿಯೋ, ಮೀನು ಮಾರ್ಕೆಟ್ಟೋ?"

ಉತ್ತರ ಇತ್ತು ನನ್ನ ಹತ್ರ. ವನಮಾಲಾ ಕಾಲು ತುಳಿದ್ಲು.

ನೆಲ ಒರೆಸಿದ್ದೂ ನಾನೇ. ಅಷ್ಟೊತ್ತಿಗೆ ವನಮಾಲಾ ತನಗೆ ಬೀಸ್ಕಳ್ಳಲಿಕ್ಕೆ ಮನೆಯಿಂದ ತಂದಿದ್ದ ಅಡಿಕೆ ಹಾಳೆ ಬೀಸಣಿಗೆ ತಗಂಡು ಬಾವಿಕಟ್ಟೆಗೆ ಹೋಗಿ ನೀರಲ್ಲಿ ನೆನೆಸಿದ್ಲು. ಒಣ ಹಾಳೆ ಪಟಪಟ ಅಂತದೆ. ನೆಂದದ್ದು ಮೆತ್ತಗೆ, ಸದ್ದಿಲ್ಲ, ಗಾಳಿನೂ ತಂಪು. ಅದನ್ನ ನನ್ನ ಕೈಲಿ ತುರುಕಿ ಹೇಳಿದ್ಲು:

"ಬಾಯಿ ಆಡ್ಸಿದ್ದು ಸಾಕು. ಕೈ ಆಡ್ಸಿ."

ಮಾಸ್ತರ ಎರಡು ಷರತ್ತು ಹಾಕಿದ್ರು. ನಾನು ಯಾರಿಗೂ ಕಾಣಬಾರ್ದು, ಕೇಳಬಾರ್ದು. ಎರಡನೇದು ನಂಗೆ ಎಷ್ಟು ಕಷ್ಟ ಅಂತ ನಿಂಗೆ ಬೇರೆ ಹೇಳ್ಬೇಕಾ? ಆದ್ರೂ ಸುಮ್ನೆ ಕೂತು ಬೀಸಿದೆ, ಹುಡುಗಿ ಆ ಎಳೆತ ದಾಟಿದ್ಲು. ಮಾಸ್ತರ ಆತು ಅಂದ್ರು.

ಸಂಜೆ ನೀನು ಕಂಡದ್ದು ಬಿಳಿ ಹೂವಿನ ದೊಡ್ಡ ಕುಂಡ. ಅದ್ರ ಹಿಂದೆ ಮಣೆ ಮೇಲೆ ನಾನು, ಬೆವರಿಗೆ ಅಂಗಿ ಪೂರಾ ಚಂಡಿ. ಅರ್ಚಿತಾ ಹಾಡು ಎತ್ತಿದ್ಲು, ನಾನು ಬೀಸಣಿಗೆ ಎತ್ತಿದೆ. ಹ್ಯಾಗೆ ಹಾಡಿದ್ಲು ಅಂತ ನನ್ನ ಕೇಳ್ಬೇಡ, ನಂಗೆ ಗೊತ್ತಿಲ್ಲ. ನಾನು ನೋಡ್ತಿದ್ದದ್ದು ಅವಳ ಜಡೆ ತುದಿ. ಅದು ಅಲುಗಿದ್ರೆ ಗಾಳಿ ಹೋಗ್ತಾ ಅದೆ ಅಂತ ಲೆಕ್ಕ. ಎಳೆತ ಬಂತು. ಭುಜ ಉರೀತಿತ್ತು. ಆ ಎಳೆತ ಮುಗಿಯುವುದೇ ಇಲ್ಲ ಮಾರಾಯಾ, ಬರೆದವನಿಗೆ ಮನೆಗೆ ಹೋಗುವ ಕೆಲಸ ಇರಲಿಲ್ವೋ ಏನೋ. ಅವಳು ಬಿಡ್ಲಿಲ್ಲ. ನಾನೂ ಬಿಡ್ಲಿಲ್ಲ.

ಮುಗೀತು. ಇಗರ್ಜಿ ಪೂರಾ ಚಪ್ಪಾಳೆ. ಬೀಸಣಿಗೆ ನೆಲಕ್ಕಿಟ್ಟು ಗೋಡೆಗೆ ಒರಗಿ ಕಣ್ಮುಚ್ಚಿದೆ. ದೇವ್ರಾಣೆ, ಅಷ್ಟು ಸುಖ ನಂಗೆ ಯಾವತ್ತೂ ಆಗಿರಲಿಲ್ಲ.

ಆಗ ಹಿಂದಿನ ಬೆಂಚಿಂದ ಒಂದು ಕೂಗು ಬಂತು, ಒನ್ಸ್ ಮೋರ್ ಅಂತ. ಅದೆಲ್ಲ ಇಗರ್ಜಿಲಿ ಕೂಗುವುದಾ? ಒಬ್ಬ ಕೂಗಿದ್ದಕ್ಕೆ ಎಲ್ಲರೂ ಶುರು ಮಾಡಿದ್ರು, ಫಾದರ್ ಸಮೇತ. ಮಾಸ್ತರ ನಗ್ತಾ ಕೈ ಎತ್ತಿದ್ರು. ಅರ್ಚಿತಾ ತಿರುಗಿ ನೋಡ್ಲಿಲ್ಲ. ಬೆನ್ನ ಹಿಂದೆ ಕೈ ತಂದು ಎರಡು ಬೆರಳು ಆಡ್ಸಿದ್ಲು, ಬೀಸು ಅಂತ.

ಎರಡನೇ ಸಲದ ಎಳೆತಕ್ಕೆ ಭುಜದ ಒಳಗೆ ಚಟ್ ಅಂತು. ಎಡಗೈಲಿ ಬೀಸಿ ಮುಗಿಸಿದೆ. ಮಳೆ ಹಿಡಿವ ತನಕ ಕೈ ಎತ್ತಬೇಡಿ ಅಂದಿದಾರೆ ಡಾಕ್ಟ್ರು.

ಐವತ್ತು ವರ್ಷ ಒಟ್ಟಿಗೆ ಕೂತು ಯಕ್ಷಗಾನದ ಆಟ ನೋಡಿದ್ದೇವೆ ಜಗದೀಶಾ. ಆ ಗಂಟಲು ನಂಗೆ ಗುರ್ತಿಲ್ವಾ? ಕೂಗುವುದೂ ಕೂಗಿ, ಈಗ ಕೇಳ್ತಾನೆ ನೋಡು, ಕೈಗೆ ಎಂತಾತು ಅಂತ.