ಕೆಂಪು ದಾರದ ಪಿನ್

ನಮ್ಮತ್ತೆ ದರ್ಜಿ. ಕೊರಳಲ್ಲಿ ಸದಾ ಅಳತೆಪಟ್ಟಿ. ಹೊಲಿಯಲು ಬಂದ ಪ್ರತಿ ಬಟ್ಟೆಗೂ ಕೆಂಪು ದಾರದಲ್ಲಿ ಒಂದು ನಂಬರು ಹೊಲಿಯುತ್ತಾರೆ. ಬ್ಯಾಂಕಿನ ಕಾರ್ಡಿಗೆ ಪುಟ್ಟ ಚೀಲ ಮಾಡಿದಾಗಲೂ ಕೈ ಸುಮ್ಮನಿರಲಿಲ್ಲ. ಒಳಗಡೆ ಪಿನ್ನನ್ನೇ ಹೊಲಿದರು.

ಸೋಮವಾರ ಬಸ್ಸಿನಲ್ಲಿ ಚೀಲ ಕಳೆಯಿತು. ಬುಧವಾರ ಅವರ ಫೋನಿನಲ್ಲಿ ಮೂರು ಖರೀದಿಗಳ ಮೆಸೇಜು ಕಂಡು ನಾನು ಕೇಳುವವರೆಗೂ ಬಾಯಿ ಬಿಡಲಿಲ್ಲ. ಹೊಸ ಹೊಲಿಗೆ ಯಂತ್ರಕ್ಕೆಂದು ಕೂಡಿಟ್ಟದ್ದರಲ್ಲಿ ಅರ್ಧ ಹೋಗಿತ್ತು.

ಬ್ಯಾಂಕಿನ ಗುಮಾಸ್ತೆ ಮೊದಲು ಕಾರ್ಡು ನಿಲ್ಲಿಸಿದಳು. "ಮೂರು ದಿನದೊಳಗೆ ಬಂದ್ರಿ, ಬಚಾವು. ಪಿನ್ ಎಲ್ಲಾದ್ರೂ ಬರೆದಿಟ್ಟಿದ್ರಾ? ಅದರಿಂದ ದುಡ್ಡು ಹೋಗಿದ್ರೆ ನಷ್ಟ ನಿಮ್ದೇ."

"ಬರೆದಿಲ್ಲ" ಎಂದರು ಅತ್ತೆ, ತಟ್ಟನೆ.

ನಾನು ಅವರ ಮುಖ ನೋಡಿದೆ.

"ಏನೇ, ನುಂಗೋ ಹಾಗೆ ನೋಡ್ತೀಯ?" ಎಂದು ಗೊಣಗಿ ಗುಮಾಸ್ತೆಯ ಕಡೆ ತಿರುಗಿದರು. "ಹೊಲಿದಿದ್ದೆ ತಾಯಿ. ಎರಡೆಳೆ ದಾರದಲ್ಲಿ."

"ಅಯ್ಯೋ ಅಜ್ಜಿ! ಕಳ್ಳನಿಗೆ ಇಷ್ಟು ಉಪಕಾರ ಯಾರೂ ಮಾಡಿರಲಿಕ್ಕಿಲ್ಲ."

"ಅಜ್ಜಿಯಂತೆ! ನಿನ್ನ ಅಂಗಿ ತೋಳು ಸೊಟ್ಟಗಿದೆ, ನಾನೇನಾದ್ರೂ ಅಂದ್ನಾ?"

ಗುಮಾಸ್ತೆ ತೋಳು ನೋಡಿಕೊಂಡಳು, ಆಮೇಲೆ ಪರದೆ ನೋಡಿದಳು. ಅತ್ತೆ ಅಳತೆಪಟ್ಟಿಯ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತರು.

"ಮೂರು ಅಂಗಡಿಯಲ್ಲೂ ಕಾರ್ಡು ಬರೀ ತಾಗಿಸಿದ್ದಾನೆ. ಪಿನ್ ಒತ್ತೇ ಇಲ್ಲ. ನಿಮ್ಮ ಹೊಲಿಗೆಯಿಂದ ನಷ್ಟ ಆಗಿಲ್ಲ. ದುಡ್ಡು ವಾಪಸ್ ಬರುತ್ತೆ."

"ಒತ್ತೇ ಇಲ್ವಾ? ಅಷ್ಟು ಚೆಂದ ಹೊಲಿದಿದ್ದೆ, ಕಣ್ಣಿರಲಿಲ್ವಾ ಅವನಿಗೆ?"

"ಹೊಸ ಕಾರ್ಡಿಗೆ ಹಳೇ ಪಿನ್ ಬೇಡ. ಅದೇನು, ಹುಟ್ಟಿದ ವರ್ಷವಾ?"

"ನನ್ನ ಮಗನ ಅಳತೆ. ಕತ್ತು ಹದಿನೈದು, ಎದೆ ಮೂವತ್ತೆಂಟು."

ನನ್ನ ಗಂಡ ತೀರಿಹೋಗಿ ಹತ್ತು ತಿಂಗಳು. ಅಂಗಿಗಳನ್ನೆಲ್ಲ ಕೊಟ್ಟಾಗಿತ್ತು. ಅಳತೆ ಉಳಿದಿದ್ದು ನನಗೆ ಗೊತ್ತಿರಲಿಲ್ಲ.

ಅತ್ತೆ ಪಟ್ಟಿ ತೆಗೆದು ನನ್ನ ಕತ್ತಿಗೆ ಸುತ್ತಿದರು. "ನೆಟ್ಟಗೆ ನಿಲ್ಲು."

"ಜೋರಾಗಿ ಹೇಳ್ಬೇಡಿ ಮತ್ತೆ!" ಎಂದಳು ಗುಮಾಸ್ತೆ.

ಅತ್ತೆ ತುಟಿ ಬಿಗಿಹಿಡಿದು ನನ್ನ ಸೊಂಟಕ್ಕೆ ಪಟ್ಟಿ ಹಿಡಿದರು. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಅತ್ತೆ ಅಂಕಿಯನ್ನು ಒಮ್ಮೆ ನೋಡಿದರು, ಪಟ್ಟಿ ಬಿಗಿಮಾಡಿ ಇನ್ನೊಮ್ಮೆ ನೋಡಿದರು.

"ಈ ಪಿನ್ನು ಸದ್ಯಕ್ಕೆ ಮಾತ್ರ ಕಣಮ್ಮ" ಎಂದರು ಗುಮಾಸ್ತೆಗೆ. "ಇವಳು ಸರಿಯಾಗಿ ಊಟ ಮಾಡಿದ ಮೇಲೆ ಬಂದು ಬದಲಾಯಿಸ್ತೀನಿ."