ಗೋದಾವರಿಯ ಒಪ್ಪಿಗೆ

ಕರ್ನಲ್ ಎಂದರೆ ಕಂಪ್ಯೂಟರಿನ ಒಳಮನೆ ಯಜಮಾನ. ಯಂತ್ರಗಳ ಜತೆ ಅವನ ಪರವಾಗಿ ಮಾತಾಡುವ ಕೋಡಿಗೆ ಡ್ರೈವರ್ ಎನ್ನುತ್ತಾರೆ. ಜಗತ್ತಿನ ಯಾರುಯಾರೋ ಸೇರಿ ಪುಕ್ಕಟೆ ಬರೆಯುವ ಒಂದು ಕರ್ನಲ್ಲಿನಲ್ಲಿ, ಹಳೆ ಯಂತ್ರಗಳನ್ನು ಕಂಪ್ಯೂಟರಿಗೆ ಜೋಡಿಸುವ ಓಬೀರಾಯನ ಕಾಲದ ಪೋರ್ಟ್ ಕಾರ್ಡೊಂದರ ಡ್ರೈವರ್ ನೋಡಿಕೊಳ್ಳುವ ಕೆಲಸ ಕೊಪ್ಪದಲ್ಲಿರುವ ನನ್ನ ತಲೆಗೆ ಕಟ್ಟಿದೆ. ಸಂಬಳವಿಲ್ಲ, ಬೈಗುಳಕ್ಕೆ ಬರವಿಲ್ಲ.

ಈ ವರ್ಷ ಎಐ ಸಾಧನಗಳು ಹಳೆ ಕೋಡನ್ನೆಲ್ಲ ಕೆದಕಿ ದಿನಬೆಳಗಾದರೆ ದೋಷ ಹುಡುಕಿ ಕಳಿಸುತ್ತಿವೆ. ತಿದ್ದುವವರು ಮಾತ್ರ ಮನುಷ್ಯರೇ. ಬೇಸತ್ತ ನಮ್ಮ ಹಿರಿಯನೊಬ್ಬ, ಯಾರೂ ಬಳಸದ ಡ್ರೈವರುಗಳಿಗೆ ಯಾಕೆ ಈ ಗೋಳು, ಬಳಸುವವರಿದ್ದರೆ ಹೇಳಲಿ, ಇಲ್ಲದಿದ್ದರೆ ತೆಗೆಯೋಣ ಎಂದು ನಮ್ಮ ಮೇಲಿಂಗ್ ಲಿಸ್ಟಿನಲ್ಲಿ ಎಲ್ಲರಿಗೂ ಮೇಲ್ ಹಾಕಿದ. ಪಟ್ಟಿಯಲ್ಲಿ ನನ್ನದೂ ಇತ್ತು. ನಿಜ ಹೇಳಬೇಕೆಂದರೆ, ಪೀಡೆ ಹೋಗಲಿ ಎಂದು ನನಗೂ ಅನ್ನಿಸಿತ್ತು.

ಆದರೆ ಶೆಟ್ಟಿಕೊಪ್ಪದಲ್ಲಿ ನನ್ನ ಗೆಳತಿ ಗೋದಾವರಿ ಇದ್ದಾಳೆ. ಕಣ್ಣು ಕಾಣದ ಮಕ್ಕಳಿಗೆ ಬ್ರೈಲ್ ಪಾಠಪುಸ್ತಕ ಒತ್ತಿಕೊಡುತ್ತಾಳೆ, ಅವಳಿಗೂ ಕಣ್ಣಿಲ್ಲ. ಅವಳ ಹಳೆ ಬ್ರೈಲ್ ಯಂತ್ರ ನಡೆಯುವುದು ಈ ಕಾರ್ಡಿನಿಂದಲೇ. ಡ್ರೈವರ್ ಹೋದರೆ ಯಂತ್ರ ಇವತ್ತಲ್ಲ ನಾಳೆ ನಿಂತಂತೆ, ಹೊಸದು ಅವಳ ಕೈಗೆಟಕುವ ಮಾತಲ್ಲ. ಬಳಸುತ್ತೇನೆ ಎಂದು ಆ ಲಿಸ್ಟಿಗೆ ಒಂದು ಸಾಲು ಬರೆ ಸಾಕು ಎಂದು ಫೋನು ಮಾಡಿ ಹೇಳಿದೆ.

ಬರೆದಳು. ಇಂಗ್ಲಿಷಿನಲ್ಲೇ, ಚೆಂದಾಗಿ. ಇಷ್ಟು ವರ್ಷ ಯಂತ್ರ ನಡೆಸಿಕೊಟ್ಟಿದ್ದೀರಿ, ಉಪಕಾರವಾಯಿತು. ನನ್ನೊಬ್ಬಳಿಗಾಗಿ ತಮಗೆಲ್ಲ ತೊಂದರೆ ಬೇಡ. ತೆಗೆದರೂ ಅಡ್ಡಿಯಿಲ್ಲ, ಹೇಗೋ ಸುಧಾರಿಸಿಕೊಳ್ಳುತ್ತೇನೆ.

ನಮ್ಮ ಕಡೆ ಬೇಡ ಎಂದವರ ಎಲೆಗೆ ಇನ್ನೊಂದು ಸಲ ಬಡಿಸಬೇಕು, ಅದು ಎಲ್ಲರಿಗೂ ಗೊತ್ತು. ಮೇಲಿಂಗ್ ಲಿಸ್ಟಿನಲ್ಲಿ ಎರಡನೇ ಸಲ ಬಡಿಸುವವರು ಯಾರು? ಇರುವ ಒಬ್ಬ ಬಳಕೆದಾರರೂ ಒಪ್ಪಿದ್ದಾರೆ, ಇನ್ನು ಡ್ರೈವರ್ ನೋಡಿಕೊಳ್ಳುವ ಅರ್ಪಣಾ ಅವರ, ಅಂದರೆ ನನ್ನ, ಒಪ್ಪಿಗೆಯೊಂದೇ ಬಾಕಿ ಎಂದು ಹಿರಿಯ ಉತ್ತರಿಸಿದ. ಓದಿ ನನಗೆ ಮೈಯೆಲ್ಲ ಉರಿಯಿತು. ಲ್ಯಾಪ್‌ಟಾಪ್ ಚೀಲಕ್ಕೆ ತುರುಕಿ ಶೆಟ್ಟಿಕೊಪ್ಪದ ಬಸ್ಸು ಹತ್ತಿದೆ.

ಗೋದಾವರಿ ಆರನೇ ಕ್ಲಾಸಿನ ಅನನ್ಯಳಿಗೆ ವಿಜ್ಞಾನದ ಎರಡನೇ ಭಾಗ ಒತ್ತುತ್ತಿದ್ದಳು. ಯಂತ್ರ ಕಟಕಟ ಎನ್ನುತ್ತಿತ್ತು. ಬಾ, ಕಾಫಿ ಮಾಡ್ತೇನೆ ಎಂದು ಎದ್ದಳು.

"ಕಾಫಿ ಹಾಳಾಗ್ಲಿ. ಬಳಸ್ತೇನೆ ಅಂತ ಬರಿ ಅಂದ್ರೆ ತೆಗೀರಿ ಅಂತ ಬರೆದಿದ್ಯಲ್ಲ ಮಾರಾಯ್ತಿ."

"ಅಷ್ಟು ಜನ ಕಷ್ಟ ಅಂತಿರುವಾಗ ನಂಗೆ ಬೇಕೇ ಬೇಕು ಅಂತ ಹೇಳೂದು ಹ್ಯಾಗೆ?" ಎಂದಳು. "ಅವ್ರೇ ಬೇಡ ಬೇಡ, ಇಟ್ಕೊಳ್ಳಿ ಅಂತಾರೆ ಅಂದ್ಕಂಡೆ."

ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅವರು ಹಾಗೆ ಹೇಳುವ ಪೈಕಿಯಲ್ಲ, ನೀನು ಬೇಡ ಎಂದರೆ ಅವರಿಗೆ ಬೇಡ ಎಂದೇ ಅರ್ಥ ಎಂದೆ. ಅವಳು ಒತ್ತಿದ ಹಾಳೆಯ ಚುಕ್ಕಿಗಳ ಮೇಲೆ ಬೆರಳಾಡಿಸುತ್ತ ಕೂತಳು.

"ಬೇಕಾ, ಬೇಡವಾ? ಅಷ್ಟು ಹೇಳು."

"ಬೇಕು," ಎಂದಳು. ಮುಖ ಕೆಂಪಾಗಿತ್ತು.

ಅಲ್ಲೇ ಕೂತು ಬರೆದೆ. ಡ್ರೈವರ್ ತೆಗೆಯಕೂಡದು, ಬಳಸುವವರಿಗೆ ಬೇಕಾಗಿದೆ, ಬಂದ ದೋಷಗಳನ್ನೆಲ್ಲ ನಾನೇ ತಿದ್ದುತ್ತೇನೆ. ಕಳಿಸುವಾಗ ನನ್ನ ಭಾನುವಾರಗಳು ಕಣ್ಣೆದುರೇ ಹೋದವು, ಸಿಟ್ಟು ಇಳಿದಿರಲಿಲ್ಲ.

"ನಿಂಗೆ ತೊಂದರೆ ಆಗ್ತದಲ್ಲ?" ಎಂದು ಗೋದಾವರಿ ಕೇಳಿದಳು.

"ಆಗ್ತದೆ," ಎಂದೆ. "ಆದ್ರೂ ಮಾಡ್ತೇನೆ."